ಮೊದಲು ಗ್ಲಾಸ್ ಇಳಿಸಿ

ಸಂಘದ ಹಿರಿಯರಿಗೆ, ಅಕ್ಕಂದಿರಿಗೆ, ಟ್ಯಾಕ್ಸಿ ಸ್ಟ್ಯಾಂಡಿನಿಂದ ನೇರವಾಗಿ ಇಲ್ಲಿಗೆ ಬಂದಿರುವ ಗೆಳೆಯರಿಗೆ ನಮಸ್ಕಾರ.

ಮಳೆಗಾಲ ಹತ್ತಿರ ಬಂತು. ಇವತ್ತು ನಾನು ಒಂದೇ ವಿಷಯ ಮಾತಾಡುತ್ತೇನೆ. ಕಾರು ನೀರಿನಲ್ಲಿ ಸಿಕ್ಕಿಕೊಂಡರೆ ಒಳಗಿರುವವರು ಜೀವಂತ ಹೊರಗೆ ಬರುವುದು ಹೇಗೆ ಅನ್ನುವುದು.

2005ರ ಜುಲೈ 26 ನಿಮಗೆ ನೆನಪಿದೆ. ನಮ್ಮ ಮುಂಬೈಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ. ನಿಮ್ಮಲ್ಲೇ ಹಲವರು ಅವತ್ತು ಎದೆಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದವರು. ಅವತ್ತು ಸತ್ತವರಲ್ಲಿ ಕೆಲವರು ಕಾರಿನ ಒಳಗೇ ಸತ್ತರು. ಅವರ ಕಾರು ಹೊಳೆಗೆ ಬಿದ್ದಿರಲಿಲ್ಲ, ರಸ್ತೆಯ ಮೇಲೇ ನಿಂತಿತ್ತು. ಹೊರಗೆ ಜೋರು ಮಳೆ, ಹಾಗಾಗಿ ಗ್ಲಾಸ್ ಪೂರ್ತಿ ಮೇಲೆ. ಸ್ವಲ್ಪ ಹೊತ್ತಿಗೆ ನೀರು ಇಳಿಯುತ್ತದೆ ಅಂತ ಯಾರಿಗಾದರೂ ಅನಿಸುತ್ತದೆ ಅಲ್ವಾ? ನೀರು ಇಳಿಯಲಿಲ್ಲ. ಬಾಗಿಲು ತೆರೆಯಲಿಲ್ಲ, ಗ್ಲಾಸೂ ಇಳಿಯಲಿಲ್ಲ. ಅದಾದ ಮೇಲೆ ಈ ಊರಿನ ಎಷ್ಟೋ ಜನ ಕಾರಿನಲ್ಲಿ ಸುತ್ತಿಗೆ ಇಟ್ಟುಕೊಳ್ಳಲು ಶುರುಮಾಡಿದರು.

ಬಾಗಿಲು ಯಾಕೆ ತೆರೆಯುವುದಿಲ್ಲ? ಲಾಕ್ ಕೆಟ್ಟಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಲಾಕ್ ಸರಿ ಇದ್ದರೂ ತೆರೆಯುವುದು ಕಷ್ಟ. ಲೆಕ್ಕ ಹಾಕಿ ನೋಡಿ. ಬಾಗಿಲು ಒಂದು ಮೀಟರ್ ಅಗಲ ಇದೆ. ಹೊರಗಿನ ನೀರು ಬಾಗಿಲಿನ ಕೆಳಗಿನ ಅಂಚಿನಿಂದ 60 ಸೆಂಟಿಮೀಟರ್ ಏರಿದೆ, ಒಳಗೆ ನೀರಿಲ್ಲ. ಆಗ ಆ ಬಾಗಿಲನ್ನು ಹೊರಗಿನಿಂದ ಒತ್ತುವ ಭಾರ ಸುಮಾರು 180 ಕಿಲೋ. ಐವತ್ತು ಕಿಲೋದ ಎರಡು ಅಕ್ಕಿ ಮೂಟೆಯನ್ನು ಬಾಗಿಲಿಗೆ ಒರಗಿಸಿಟ್ಟ ಹಾಗಲ್ಲ, ಅದಕ್ಕಿಂತ ಜಾಸ್ತಿ. ಸೀಟಿನಲ್ಲಿ ಕೂತು ಭುಜ ಕೊಟ್ಟು ಅದನ್ನು ತಳ್ಳಲು ಆಗುವುದಿಲ್ಲ.

ಇಲ್ಲೇ ಒಂದು ಅಪಾಯದ ಮಾತು ಹುಟ್ಟಿಕೊಂಡಿದೆ. 'ಗಾಬರಿಯಾಗಬೇಡಿ, ಕಾರಿನ ತುಂಬ ನೀರು ತುಂಬಲಿ, ಒಳಗೂ ಹೊರಗೂ ಒತ್ತಡ ಸಮ ಆದಮೇಲೆ ಬಾಗಿಲು ತಾನೇ ತೆರೆಯುತ್ತದೆ' ಅಂತ. ವಾಟ್ಸಾಪ್‌ನಲ್ಲಿ ಇದು ಓಡಾಡುತ್ತಲೇ ಇರುತ್ತದೆ. ಒತ್ತಡ ಸಮ ಆಗುವುದು ನಿಜ. ಆದರೆ ಅಷ್ಟು ಹೊತ್ತಿಗೆ ನೀರು ನಿಮ್ಮ ತಲೆಯ ಮೇಲೆ ಇರುತ್ತದೆ, ಕತ್ತಲಿರುತ್ತದೆ, ಉಸಿರು ಕಟ್ಟಿರುತ್ತದೆ, ಹಿಂದಿನ ಸೀಟಿನಲ್ಲಿ ಮಗು ಇರುತ್ತದೆ. ಬೇರೆ ಎಲ್ಲ ದಾರಿಯೂ ಮುಚ್ಚಿದಾಗ ಉಳಿಯುವ ಕೊನೆಯ ದಾರಿ ಅದು. ಮೊದಲನೆಯದಾಗಿ ಅದನ್ನು ಕಲಿಸುವುದು ತಪ್ಪು. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಕೆನಡಾದ ಮನಿಟೋಬಾ ವಿಶ್ವವಿದ್ಯಾಲಯದಲ್ಲಿ ಗಾರ್ಡನ್ ಗೀಸ್‌ಬ್ರೆಕ್ಟ್ ಅಂತ ಒಬ್ಬ ವಿಜ್ಞಾನಿ ಇದ್ದಾರೆ. ಕಾರುಗಳನ್ನು ಕ್ರೇನಿನಿಂದ ನೀರಿಗೆ ಇಳಿಸಿ, ಒಳಗೆ ಜನರನ್ನು ಕೂರಿಸಿ ಪರೀಕ್ಷೆ ಮಾಡಿದವರು. ಅವರು ಕಂಡುಕೊಂಡದ್ದು ಇದು: ನೀರಿಗೆ ಬಿದ್ದ ಕಾರು ತಕ್ಷಣ ಮುಳುಗುವುದಿಲ್ಲ. ಅರ್ಧ ನಿಮಿಷದಿಂದ ಎರಡು ನಿಮಿಷದವರೆಗೆ ತೇಲುತ್ತದೆ. ಇಂಜಿನ್ ಭಾರಕ್ಕೆ ಮೂತಿ ಮೊದಲು ತಗ್ಗುತ್ತದೆ. ನೀರು ಗ್ಲಾಸಿನ ಮಟ್ಟಕ್ಕೆ ಬರುವವರೆಗೆ ಪವರ್ ವಿಂಡೋ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಗ್ಲಾಸಿನ ಮೇಲೆ ನೀರು ಒತ್ತಲು ಶುರುವಾದರೆ ಮೋಟಾರ್ ಸರಿ ಇದ್ದರೂ ಗ್ಲಾಸ್ ಕಚ್ಚಿಕೊಳ್ಳುತ್ತದೆ. ಅಂದರೆ ನಿಮ್ಮ ಕೈಯಲ್ಲಿರುವುದು ಸುಮಾರು ಒಂದು ನಿಮಿಷ. ಆ ನಿಮಿಷದಲ್ಲಿ ಮೊಬೈಲ್ ಹುಡುಕಬೇಡಿ. ಮನೆಗೂ ಬೇಡ, ಪೊಲೀಸರಿಗೂ ಬೇಡ. ಫೋನ್ ಎತ್ತುವಷ್ಟರಲ್ಲಿ ಆ ನಿಮಿಷ ಮುಗಿದಿರುತ್ತದೆ.

ಬೆಲ್ಟ್ ಬಿಚ್ಚಿ. ಗ್ಲಾಸ್ ಇಳಿಸಿ. ಮಕ್ಕಳನ್ನು ಹೊರಗೆ ದಾಟಿಸಿ. ನೀವೂ ಹೊರಡಿ. ಇಷ್ಟೇ. ಮಕ್ಕಳ ವಿಷಯದಲ್ಲಿ ಒಂದು ಮಾತು, ತಾಯಂದಿರು ಗಮನಿಸಿ. ಇಬ್ಬರು ಮಕ್ಕಳಿದ್ದರೆ ದೊಡ್ಡದನ್ನು ಮೊದಲು ಕಳಿಸಿ. ಕೇಳಲು ಕಷ್ಟ ಅನಿಸುತ್ತದೆ. ಆದರೆ ದೊಡ್ಡ ಮಗು ಹೇಳಿದ್ದನ್ನು ಕೇಳುತ್ತದೆ, ಕಾರಿನ ಟಾಪ್ ಹಿಡಿದುಕೊಳ್ಳುತ್ತದೆ. ಚಿಕ್ಕದನ್ನು ಮೊದಲು ಬಿಟ್ಟರೆ ಅದನ್ನು ಹೊರಗೆ ಹಿಡಿಯುವವರು ಯಾರು? ಚಿಕ್ಕದು ನಿಮ್ಮ ತೋಳಿನಲ್ಲೇ ಬರಲಿ.

'ಇನ್ನೂ ತೇಲುತ್ತಿದೆಯಲ್ಲ, ಬಾಗಿಲನ್ನೇ ತೆರೆದರೆ?' ಅಂತ ಕೇಳುತ್ತಾರೆ. ಮೊದಲ ಕೆಲವು ಸೆಕೆಂಡಿನಲ್ಲಿ ತೆರೆಯಬಹುದು. ಆದರೆ ತೆರೆದ ಬಾಗಿಲಿನಿಂದ ನೀರು ನುಗ್ಗಿ ಕಾರು ಒಂದೇ ಸಲಕ್ಕೆ ಕೆಳಗಿಳಿಯುತ್ತದೆ. ನೀವು ಹೊರಗೆ, ಹಿಂದೆ ಕೂತವರು ಒಳಗೆ. ಅದಕ್ಕೇ ಗ್ಲಾಸ್.

ಗ್ಲಾಸ್ ಇಳಿಯದಿದ್ದರೆ ಒಡೆಯಬೇಕು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ದುಡ್ಡು ಕೊಟ್ಟು ಸುತ್ತಿಗೆ ತಂದವರಿಗೂ ಇದು ಗೊತ್ತಿರುವುದಿಲ್ಲ. ಮುಂದಿನ ದೊಡ್ಡ ಗ್ಲಾಸನ್ನು ಮುಟ್ಟಲೇ ಬೇಡಿ. ಅದು ಎರಡು ಗ್ಲಾಸಿನ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಅಂಟಿಸಿದ್ದು, ಅದಕ್ಕೆ ಲ್ಯಾಮಿನೇಟೆಡ್ ಅನ್ನುತ್ತಾರೆ. ಬಿರುಕು ಬಿಡುತ್ತದೆ, ದಾರಿ ಬಿಡುವುದಿಲ್ಲ. ಪಕ್ಕದ ಬಾಗಿಲಿನ ಗ್ಲಾಸ್ ಸಾಮಾನ್ಯವಾಗಿ ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ್ದು. ಒಡೆದರೆ ಪೂರ್ತಿ ಪುಡಿಯಾಗುತ್ತದೆ. ಆದರೆ ಈಗ ಕೆಲವು ಕಾರುಗಳಲ್ಲಿ ಪಕ್ಕಕ್ಕೂ ಲ್ಯಾಮಿನೇಟೆಡ್ ಹಾಕುತ್ತಾರೆ. ಅಮೆರಿಕದ ವಾಹನ ಸಂಘಟನೆ ಎಎಎ 2019ರಲ್ಲಿ ಗ್ಲಾಸ್ ಒಡೆಯುವ ಆರು ಸಲಕರಣೆಗಳನ್ನು ಪರೀಕ್ಷೆ ಮಾಡಿತು. ನಾಲ್ಕು ಟಫನ್ಡ್ ಗ್ಲಾಸನ್ನು ಒಡೆದವು. ಲ್ಯಾಮಿನೇಟೆಡ್ ಗ್ಲಾಸಿಗೆ ಒಂದೂ ನಡೆಯಲಿಲ್ಲ. ಹಾಗಾಗಿ ಮನೆಗೆ ಹೋದ ತಕ್ಷಣ ಟಾರ್ಚ್ ಹಿಡಿದು ಗ್ಲಾಸಿನ ಮೂಲೆ ನೋಡಿ. ಚಿಕ್ಕ ಅಕ್ಷರದಲ್ಲಿ ಯಾವುದು ಅಂತ ಅಚ್ಚು ಹಾಕಿರುತ್ತಾರೆ. ನಾಲ್ಕೂ ಬಾಗಿಲು ನೋಡಿ, ಹಿಂದಿನ ಗ್ಲಾಸನ್ನೂ ನೋಡಿ.

ಸುತ್ತಿಗೆಗಿಂತ ಸ್ಪ್ರಿಂಗ್ ಇರುವ ಸಾಧನ ಒಳ್ಳೆಯದು. ನೀರೊಳಗೆ ಸುತ್ತಿಗೆ ಬೀಸಲು ಆಗುವುದಿಲ್ಲ, ನೀರು ಕೈ ಹಿಡಿಯುತ್ತದೆ. ಸ್ಪ್ರಿಂಗಿನದು ಗ್ಲಾಸಿಗೆ ಒತ್ತಿದರೆ ಸಾಕು. ನಡುವೆ ಅಲ್ಲ, ಮೂಲೆಯಲ್ಲಿ ಒತ್ತಿ. ಫಿಲ್ಮ್ ಅಂಟಿಸಿದ್ದರೆ ಪುಡಿಯಾದ ಗ್ಲಾಸ್ ಹಾಗೇ ನಿಂತಿರುತ್ತದೆ, ಒಡೆದಿಲ್ಲ ಅಂತ ಕೈಬಿಡಬೇಡಿ, ಮೊಣಕೈಯಿಂದ ತಳ್ಳಿ. ಈ ಸಾಧನವನ್ನು ಡ್ಯಾಶ್‌ಬೋರ್ಡಿನ ಡಬ್ಬದಲ್ಲೋ ಡಿಕ್ಕಿಯಲ್ಲೋ ಇಡಬೇಡಿ. ಬೆಲ್ಟ್ ಹಾಕಿಕೊಂಡೇ ಕೈಗೆ ಸಿಗಬೇಕು. ಹೆಡ್‌ರೆಸ್ಟ್ ಕಿತ್ತು ಅದರ ಕಂಬಿಯಿಂದ ಒಡೆಯಬಹುದು ಅನ್ನುತ್ತಾರೆ. ಒಮ್ಮೆ ನಿಂತ ಕಾರಿನಲ್ಲಿ ಹೆಡ್‌ರೆಸ್ಟ್ ಎಳೆದು ನೋಡಿ, ಅದನ್ನು ನಂಬಬಾರದು ಅಂತ ನಿಮಗೇ ಗೊತ್ತಾಗುತ್ತದೆ.

ಡಿಕ್ಕಿಯ ಕಡೆಯಿಂದ ಹೋಗೋಣ ಅಂದರೆ, ಇಲ್ಲಿನ ಟ್ಯಾಕ್ಸಿಗಳಲ್ಲಿ ಅಲ್ಲಿ ಸಿಎನ್‌ಜಿ ಸಿಲಿಂಡರ್ ಕೂತಿರುತ್ತದೆ.

ಈಗ ನಮ್ಮ ಊರಿನ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಹೊಳೆಗೆ ಬೀಳುವುದಕ್ಕಿಂತ ಜಾಸ್ತಿ ಅಪಾಯ ಇರುವುದು ಸಬ್‌ವೇಯಲ್ಲಿ, ಅಂದರೆ ರೈಲು ಹಳಿಯ ಕೆಳಗೆ ಹೋಗುವ ರಸ್ತೆಯಲ್ಲಿ. ಅಂಧೇರಿ ಸಬ್‌ವೇ, ಮಿಲನ್ ಸಬ್‌ವೇ. ಪ್ಯಾಸೆಂಜರ್ 'ಚಲೋ ನಾ ಭಾಯ್, ನಿಕಲ್ ಜಾಯೇಗಾ' ಅಂತ ಹಿಂದಿನಿಂದ ಅವಸರ ಮಾಡುತ್ತಾರೆ. ಮುಂದಿನ ಗಾಡಿ ದಾಟಿತು ಅನ್ನುವ ಧೈರ್ಯ ಬೇರೆ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಕ್ಯಾಬ್ ಸಿಕ್ಕಿಕೊಂಡು 22 ವರ್ಷದ ಹೆಣ್ಣುಮಗಳು ತೀರಿಕೊಂಡಳು. ವಿಧಾನಸೌಧದಿಂದ ಕೂಗಳತೆಯ ದೂರ. 30 ಸೆಂಟಿಮೀಟರ್ ಹರಿಯುವ ನೀರು ಚಿಕ್ಕ ಕಾರನ್ನು ತೇಲಿಸಬಲ್ಲದು, 60 ಆದರೆ ಹೆಚ್ಚಿನ ಗಾಡಿಗಳನ್ನು ಎಳೆದೊಯ್ಯುತ್ತದೆ. ಸಬ್‌ವೇ ತಳ ಕಾಣದಿದ್ದರೆ ಗಾಡಿ ಇಳಿಸಲೇ ಬೇಡಿ. ಪ್ಯಾಸೆಂಜರ್ ಬೈದರೆ ಬೈಯಲಿ, ರೇಟಿಂಗ್ ಹೋದರೆ ಹೋಗಲಿ.

ಹಾಗೂ ಸಿಕ್ಕಿಕೊಂಡಿರಿ, ಇಂಜಿನ್ ನಿಂತಿತು ಅಂತಿಟ್ಟುಕೊಳ್ಳಿ. ಮತ್ತೆ ಮತ್ತೆ ಸ್ಟಾರ್ಟ್ ಮಾಡುತ್ತ ಹೊತ್ತು ಕಳೆಯಬೇಡಿ. ಮೊದಲು ನಾಲ್ಕೂ ಗ್ಲಾಸ್ ಇಳಿಸಿ. ಮಳೆ ಒಳಗೆ ಬೀಳಲಿ, ಸೀಟ್ ನೆನೆಯಲಿ. ಲಾಕ್ ತೆಗೆದಿಡಿ. ಡ್ರೈವರ್ ಬಾಗಿಲಿನಲ್ಲಿ ಹಿಂದಿನ ಗ್ಲಾಸ್ ಲಾಕ್ ಮಾಡುವ ಬಟನ್ ಇರುತ್ತದೆ, ಅದನ್ನು ಬಿಡಿಸಿ. ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿದ್ದರೆ ಒಳಗಿನಿಂದ ತೆರೆಯುವುದಿಲ್ಲ ಅನ್ನುವುದು ನೆನಪಿರಲಿ. ನೀರು ಫುಟ್‌ಬೋರ್ಡ್ ಮುಟ್ಟುವ ಹೊತ್ತಿಗೆ ಕಾರು ಬಿಟ್ಟು ಮೇಲಿನ ಜಾಗಕ್ಕೆ ಹೊರಟಿರಬೇಕು.

ಹೊರಗೆ ಬಂದರೆ ಮುಗಿಯಿತಾ? ಮುಂಬೈಯಲ್ಲಿ ಮುಗಿಯುವುದಿಲ್ಲ. 2017ರ ಆಗಸ್ಟ್ 29ರಂದು ಹೆಸರುವಾಸಿ ವೈದ್ಯರೊಬ್ಬರು ನೀರಿನಲ್ಲಿ ನಿಂತ ಕಾರನ್ನು ಬಿಟ್ಟು ಮನೆಗೆ ನಡೆದು ಹೊರಟರು. ಪ್ರಭಾದೇವಿಯ ಹತ್ತಿರ ತೆರೆದಿದ್ದ ಮ್ಯಾನ್‌ಹೋಲಿಗೆ ಬಿದ್ದು ತೀರಿಕೊಂಡರು. ಅದಕ್ಕೇ ಹೇಳುತ್ತೇನೆ, ಗಾಡಿಯಲ್ಲಿ ಒಂದು ಉದ್ದ ಕೊಡೆ ಇರಲಿ. ಅದರ ತುದಿಯಿಂದ ನೆಲ ಮುಟ್ಟಿ ನೋಡಿಕೊಂಡೇ ಹೆಜ್ಜೆ ಇಡಿ. ಇಬ್ಬರಿದ್ದರೆ ಕೈ ಹಿಡಿದುಕೊಳ್ಳಿ. ನೀರು ಸುಳಿಯುತ್ತಿರುವ ಜಾಗ ಕಂಡರೆ ದೂರ ಇರಿ. ಸುರಕ್ಷಿತ ಜಾಗ ಸೇರಿದ ಮೇಲೆ ಫೋನ್ ತೆಗೆಯಿರಿ. ತುರ್ತು ಕರೆಗೆ 112 ಇದೆ, ಪಾಲಿಕೆಯ 1916 ಇದೆ.

ಊರಿಗೆ ಹೋಗುವ ಗೋವಾ ಹೈವೇ ಬಗ್ಗೆ ಒಂದೇ ಮಾತು. 2016ರ ಆಗಸ್ಟ್ 2ರ ರಾತ್ರಿ ಮಹಾಡ್ ಹತ್ತಿರ ಸಾವಿತ್ರಿ ನದಿಯ ಹಳೇ ಸೇತುವೆ ಕುಸಿದು ಎರಡು ಎಸ್‌ಟಿ ಬಸ್ಸು, ಅಂದರೆ ಮಹಾರಾಷ್ಟ್ರದ ಸರ್ಕಾರಿ ಬಸ್ಸು, ಕೊಚ್ಚಿಹೋದವು. ಅಂಥ ಪ್ರವಾಹದಲ್ಲಿ ನಾನು ಹೇಳಿದ ಯಾವ ಉಪಾಯವೂ ಸಾಕಾಗುವುದಿಲ್ಲ. ಜೋರು ಮಳೆಯ ರಾತ್ರಿ ಪ್ರಯಾಣ ಬೆಳಗಿಗೆ ಮುಂದೂಡಿ.

ಈಗ ಎಲ್ಲರೂ ಕೆಳಗೆ ಪಾರ್ಕಿಂಗಿಗೆ ಬನ್ನಿ, ಎರಡು ಕಾರು ನಿಲ್ಲಿಸಿದ್ದೇವೆ. ಒಬ್ಬೊಬ್ಬರಾಗಿ ಕೂತು ಬೆಲ್ಟ್ ಹಾಕಿಕೊಳ್ಳಿ, ಕಣ್ಣು ಮುಚ್ಚಿ. ಕೈಯಿಂದಲೇ ಹುಡುಕಿ ಬೆಲ್ಟ್ ಬಿಚ್ಚಿ, ಗ್ಲಾಸಿನ ಸ್ವಿಚ್ ಒತ್ತಬೇಕು. ಹಿಂದಿನ ಸೀಟಿನಲ್ಲೂ ಕೂತು ಮಾಡಿ. ಮಕ್ಕಳನ್ನು ಕರೆದುಕೊಂಡು ಬಂದವರು ಮೊದಲು ಬನ್ನಿ.