ಫೈಲ್ ಓಪನ್ ಆಯ್ತು, ಅಳತೆ ಸರಿಯಿದೆಯಾ? ಬೇರೆ ಫೈಲ್‌ಗಳನ್ನು ಕ್ಯಾಡ್‌ಗೆ ತರುವ ಬಗೆ

(ತೆರೆ ಮೇಲೆ: ಕಂಪ್ಯೂಟರ್‌ನಲ್ಲಿ ನಕ್ಷೆ ಬರೆಯೋ ಕ್ಯಾಡ್ ಸಾಫ್ಟ್‌ವೇರ್ ಆಟೋಕ್ಯಾಡ್‌ನ ಕಪ್ಪು ಪರದೆ. ಮಧ್ಯದಲ್ಲಿ ಒಂದು ತೋಟದ ಗಡಿ.)

ನಮಸ್ಕಾರ. ಇದು ಮೂಡಿಗೆರೆ ಕಡೆಯ ಒಂದು ಕಾಫಿ ತೋಟ, 12 ಎಕರೆ ಅಂದುಕೊಳ್ಳಿ. ಗೂಗಲ್ ಅರ್ಥ್‌ನಲ್ಲಿ ಗಡಿ ಗುರುತು ಮಾಡಿ, ಆ ಗುರುತು ಉಳಿಯೋ ಕೆಎಂಎಲ್ ಫೈಲ್ ಇಳಿಸಿಕೊಂಡು, ಆನ್‌ಲೈನ್ ಕನ್ವರ್ಟರ್‌ಗೆ ಹಾಕಿ, ಕ್ಯಾಡ್‌ನಲ್ಲಿ ತೆರೆಯೋ ಡಿಎಕ್ಸ್‌ಎಫ್ ಫೈಲ್ ಮಾಡಿದ್ದೇನೆ. ಆಕಾರ ಚೆನ್ನಾಗಿ ಬಂದಿದೆ. ಹಳ್ಳದ ಬಳಸು, ರಸ್ತೆ ಕಡೆಯ ಮೂಲೆ, ಎಲ್ಲಾ ಇದೆ. ಈಗ ಪೂರ್ವದಿಂದ ಪಶ್ಚಿಮಕ್ಕೆ ಅಳತೆ ತೆಗೆಯೋಣ.

(ತೆರೆ ಮೇಲೆ: ದೂರ ಅಳೆಯೋ ಡಿಸ್ಟ್ ಕಮಾಂಡ್. ಉತ್ತರ: 0.0028)

300 ಮೀಟರ್ ಬರಬೇಕಾದ ಜಾಗದಲ್ಲಿ 0.0028. ಫೈಲ್ ಓಪನ್ ಆಯ್ತು, ಎರರ್ ಬರಲಿಲ್ಲ, ಗೆರೆಗಳೂ ಕಾಣ್ತಿವೆ. ಆದರೂ ಈ ಡ್ರಾಯಿಂಗ್ ಮೇಲೆ ಕೆಲಸ ಶುರು ಮಾಡೋ ಹಾಗಿಲ್ಲ.

ಹಾಸನ, ಚಿಕ್ಕಮಗಳೂರಿನಲ್ಲಿ ಡಿಪ್ಲೊಮಾ, ಬಿಇ ಓದುತ್ತಿರುವವರು, ಸೈಟ್ ಪ್ಲಾನ್ ಬರೆಯೋರು, ಸರ್ವೇಯರ್ ಜೊತೆ ಓಡಾಡೋರು, ಇಂಡಸ್ಟ್ರಿಯಲ್ ಏರಿಯಾದಲ್ಲಿ ಫ್ಯಾಬ್ರಿಕೇಶನ್ ಮಾಡೋರು, ನಿಮ್ಮೆಲ್ಲರ ಕೈಗೂ ದಿನಾ ಯಾರೋ ಮಾಡಿದ ಫೈಲ್ ಬರುತ್ತದೆ. ಅದನ್ನು ತೆರೆದ ಮೇಲೆ ಮೊದಲ ಗೆರೆ ಎಳೆಯೋಕೆ ಮುಂಚೆ, ನಿಮಗೆ ಮೊದಲೇ ಗೊತ್ತಿರೋ ಒಂದು ಅಳತೆಯನ್ನು ಅದರಲ್ಲಿ ತೆಗೆದು ನೋಡಿ. ಇವತ್ತು ನಾನು ಒತ್ತಿ ಹೇಳೋದು ಇದೊಂದೇ. ಅರ್ಧ ನಿಮಿಷದ ಕೆಲಸ. ಇದನ್ನು ಬಿಟ್ಟರೆ ತಪ್ಪು ಗೊತ್ತಾಗೋದು ಸೈಟ್‌ನಲ್ಲಿ ಸುಣ್ಣದ ಗೆರೆ ಹಾಕುವಾಗ.

ಸುಲಭವಾದ್ದರಿಂದ ಶುರು ಮಾಡೋಣ. ಮೂವತ್ತು ನಲವತ್ತರ ಸೈಟು.

(ತೆರೆ ಮೇಲೆ: 30 × 40 ಸೈಟಿನ ಪ್ಲಾನ್)

30 ಅಡಿಯ ಬದಿಗೆ ಅಳತೆ ಹಿಡಿಯಿರಿ. 30 ಅಂತ ಬಂದರೆ ಅಡಿಯಲ್ಲಿ ಬರೆದಿದ್ದಾರೆ. 360 ಬಂದರೆ ಇಂಚು. 9.144 ಬಂದರೆ ಮೀಟರ್. 9144 ಬಂದರೆ ಮಿಲಿಮೀಟರ್. ಇವು ನಾಲ್ಕರಲ್ಲಿ ಯಾವುದೂ ಬರದೆ 29.6 ಅಂತಲೋ 8.7 ಅಂತಲೋ ಬಂತಾ? ಆಗ ಅದು ಯುನಿಟ್ ಸಮಸ್ಯೆ ಅಲ್ಲ, ಡ್ರಾಯಿಂಗೇ ತಪ್ಪು ಅಳತೆಯಲ್ಲಿದೆ. ಎರಡಕ್ಕೂ ಮದ್ದು ಬೇರೆ ಬೇರೆ.

ಯುನಿಟ್ ಎರಡು ಕಡೆ ಇರುತ್ತದೆ. ಒಂದು, ಬರೆದವರು ಮನಸ್ಸಲ್ಲಿ ಇಟ್ಟುಕೊಂಡದ್ದು. ಇನ್ನೊಂದು, ಫೈಲ್ ಒಳಗೆ ಬರೆದಿರುವ ಗುರುತು. ಇವೆರಡೂ ಒಂದೇ ಆಗಿರಬೇಕು ಅಂತೇನಿಲ್ಲ. ಡಿಎಕ್ಸ್‌ಎಫ್‌ನಲ್ಲಿ ಆ ಗುರುತನ್ನು ಕಣ್ಣಾರೆ ನೋಡಬಹುದು. ಡಿಎಕ್ಸ್‌ಎಫ್ ಅನ್ನೋದು ಆಟೋಕ್ಯಾಡ್ ಜೊತೆಗೇ 1982ರಲ್ಲಿ ಬಂದ ಫಾರ್ಮ್ಯಾಟ್. ಹೆಚ್ಚಿನವು ಬರೀ ಅಕ್ಷರಗಳ ಫೈಲ್. ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ.

(ತೆರೆ ಮೇಲೆ: ನೋಟ್‌ಪ್ಯಾಡ್. ಇನ್ಸ್‌ಯುನಿಟ್ಸ್ ಸಾಲಿಗೆ ಹಳದಿ ಬಣ್ಣ.)

ಇನ್ಸ್‌ಯುನಿಟ್ಸ್ (INSUNITS) ಅಂತ ಹುಡುಕಿ. ಅದರ ಕೆಳಗೆ 70, ಅದರ ಕೆಳಗೆ ಒಂದು ಅಂಕಿ. 1 ಇದ್ದರೆ ಇಂಚು, 2 ಅಡಿ, 4 ಮಿಲಿಮೀಟರ್, 5 ಸೆಂಟಿಮೀಟರ್, 6 ಮೀಟರ್. 0 ಇದ್ದರೆ ಯುನಿಟ್ ಏನು ಅಂತ ಹೇಳೇ ಇಲ್ಲ. ಹಳೆಯ ಆರ್12 ಮಾದರಿಯ ಫೈಲ್ ಆದರೆ ಈ ಸಾಲೇ ಸಿಗಲ್ಲ.

ಈಗ ನೋಡಿ, ತೊಂದರೆ ಎಲ್ಲಿ ಹುಟ್ಟುತ್ತದೆ ಅಂತ. ಆರ್ಕಿಟೆಕ್ಟ್ 30 ಅಡಿಗೆ 30 ಯುನಿಟ್ ಅಂತ ಬರೆದಿದ್ದಾರೆ. ಆದರೆ ಶುರು ಮಾಡಿದ ಟೆಂಪ್ಲೇಟ್‌ನಲ್ಲಿ ಗುರುತು ಇಂಚು ಅಂತ ಇತ್ತು, ಅದು ಹಾಗೇ ಉಳಿದಿದೆ. ನಿಮ್ಮ ಡ್ರಾಯಿಂಗ್ ಮಿಲಿಮೀಟರ್‌ನದು. ಇನ್ಸರ್ಟ್ ಮಾಡಿದ ಕೂಡಲೇ ಆಟೋಕ್ಯಾಡ್ ಆ ಗುರುತನ್ನು ನಂಬಿ 30 ಅನ್ನು 25.4ರಿಂದ ಗುಣಿಸುತ್ತದೆ. ಸೈಟಿನ ಅಗಲ 762 ಮಿಲಿಮೀಟರ್! ನಿಮ್ಮ ಮೇಜಿನಷ್ಟೂ ಇಲ್ಲ.

ಆಗ ಬಹಳ ಜನ ಮೂಲೆ ಹಿಡಿದು ಎಳೆದು ಕಣ್ಣಂದಾಜಲ್ಲಿ ಸರಿ ಮಾಡಕ್ಕೆ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಂದ ಫೈಲನ್ನೇ ತೆರೆದು, ಯುನಿಟ್ಸ್ ಕಮಾಂಡ್‌ನಲ್ಲಿ ಅಡಿ ಅಂತ ಸರಿಪಡಿಸಿ, ಸೇವ್ ಮಾಡಿ, ಆಮೇಲೆ ಇನ್ಸರ್ಟ್ ಮಾಡಿ. 9144 ತಾನಾಗಿಯೇ ಬರುತ್ತದೆ.

ಸರಿ, ತೋಟಕ್ಕೆ ಬರೋಣ.

(ತೆರೆ ಮೇಲೆ: ಕೆಎಂಎಲ್ ಫೈಲ್ ಒಳಗಿನ ಅಂಕಿಗಳು. 75 ಚಿಲ್ಲರೆ, 13 ಚಿಲ್ಲರೆ.)

ಕೆಎಂಎಲ್‌ನಲ್ಲಿ ಇರೋದು ಮೀಟರ್ ಅಲ್ಲ, ರೇಖಾಂಶ ಮತ್ತು ಅಕ್ಷಾಂಶ, ಡಿಗ್ರಿಯಲ್ಲಿ. ಕನ್ವರ್ಟರ್ ಅದೇ ಡಿಗ್ರಿಯನ್ನು ಹಾಗೇ ಎತ್ತಿ ಎಕ್ಸ್, ವೈ ಅಂತ ಬರೆದುಬಿಟ್ಟಿದೆ. ಅದಕ್ಕೇ 0.0028.

"ಸ್ಕೇಲ್ ಕೊಟ್ಟರೆ ಆಯ್ತಲ್ವಾ?" ಅಂತ ಕೇಳಬಹುದು. ಆಗಲ್ಲ. ನಮ್ಮ ಭಾಗ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಇಲ್ಲಿ ಉತ್ತರ ದಕ್ಷಿಣಕ್ಕೆ ಒಂದು ಡಿಗ್ರಿ ಅಂದರೆ ಸುಮಾರು 110.6 ಕಿಲೋಮೀಟರ್. ಪೂರ್ವ ಪಶ್ಚಿಮಕ್ಕೆ ಸುಮಾರು 108.5. ಎರಡೂ ದಿಕ್ಕಿಗೆ ಒಂದೇ ಸ್ಕೇಲ್ ಕೊಟ್ಟರೆ ಒಂದು ದಿಕ್ಕಿನಲ್ಲಿ ನೂರಕ್ಕೆ ಎರಡರಷ್ಟು ಕೊರತೆ ಬೀಳುತ್ತದೆ. ಸಣ್ಣದು ಅನ್ನಿಸುತ್ತದೆ, ಅಲ್ವಾ? 12 ಎಕರೆಗೆ 480 ಗುಂಟೆ. ಅದರಲ್ಲಿ ಸುಮಾರು 9 ಗುಂಟೆ ಹೋಯಿತು. ತೋಟದವರಿಗೆ 9 ಗುಂಟೆ ಸಣ್ಣ ಮಾತಲ್ಲ.

ಸರಿಯಾದ ದಾರಿ ಇದು. ಕ್ಯೂಜಿಐಎಸ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಕೆಎಂಎಲ್ ಅನ್ನು ಅದರೊಳಗೆ ಎಳೆದು ಬಿಡಿ. ಲೇಯರ್ ಮೇಲೆ ರೈಟ್ ಕ್ಲಿಕ್, ಎಕ್ಸ್‌ಪೋರ್ಟ್, ಸೇವ್ ಫೀಚರ್ಸ್ ಆ್ಯಸ್. ಫಾರ್ಮ್ಯಾಟ್ ಡಿಎಕ್ಸ್‌ಎಫ್. ಇನ್ನು ಮುಖ್ಯವಾದ್ದು ಸಿಆರ್‌ಎಸ್, ಅಂದರೆ ಜಾಗವನ್ನು ಯಾವ ಪದ್ಧತಿಯಲ್ಲಿ ಅಂಕಿ ಮಾಡಬೇಕು ಅನ್ನೋದು. ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರ್‌ನಲ್ಲಿ ಅಂಕಿ ಕೊಡೋ ಯುಟಿಎಂ ಆರಿಸಿ: ವಲಯ 43 ನಾರ್ತ್, ಪಟ್ಟಿಯಲ್ಲಿ ಹುಡುಕೋಕೆ ಇಪಿಎಸ್‌ಜಿ ಸಂಖ್ಯೆ 32643. ಈ ವಲಯ 72ರಿಂದ 78 ಡಿಗ್ರಿ ರೇಖಾಂಶದವರೆಗೆ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆ ಪೂರ್ತಿ ಇದರೊಳಗೇ ಬರುತ್ತವೆ. ಕೋಲಾರದ ಕೆಲಸ ಬಂದರೆ ಮಾತ್ರ ನೆನಪಿರಲಿ, ಆ ಊರು 44ನೇ ವಲಯದಲ್ಲಿದೆ.

(ತೆರೆ ಮೇಲೆ: ಎಕ್ಸ್‌ಪೋರ್ಟ್ ಆದ ಗಡಿ, ಗೆರೆಯ ಬದಲು ಬಣ್ಣ ತುಂಬಿದ ಹ್ಯಾಚ್)

ಗಡಿಯನ್ನು ಪಾಲಿಗನ್ ಆಗಿ ಎಳೆದಿದ್ದರೆ ಹೀಗೆ ಹ್ಯಾಚ್ ಆಗಿ ಬರಬಹುದು. ಗಾಬರಿ ಬೇಡ. ಕ್ಯೂಜಿಐಎಸ್‌ನಲ್ಲೇ ಪಾಲಿಗನ್ಸ್ ಟು ಲೈನ್ಸ್ ಅಂತ ಇದೆ. ಮೊದಲು ಅದನ್ನು ಓಡಿಸಿ, ಆಮೇಲೆ ಎಕ್ಸ್‌ಪೋರ್ಟ್ ಮಾಡಿ.

ಈಗ ಏರಿಯಾ ತೆಗೆಯಿರಿ. ಚದರ ಮೀಟರ್‌ನಲ್ಲಿ ಬಂದದ್ದನ್ನು 4046.86ರಿಂದ ಭಾಗಿಸಿದರೆ ಎಕರೆ, 101.17ರಿಂದ ಭಾಗಿಸಿದರೆ ಗುಂಟೆ. ಪಹಣಿಯಲ್ಲಿ ಇರುವ ವಿಸ್ತೀರ್ಣದ ಪಕ್ಕ ಇಟ್ಟು ನೋಡಿ. ಗೂಗಲ್ ಅರ್ಥ್‌ನ ಗೆರೆ ಹದ್ದುಬಸ್ತಿಗೆ ಸಮ ಅಲ್ಲ, ಪೂರ್ತಿ ತಾಳೆ ಆಗಬೇಕು ಅಂತ ಕಾಯಬೇಡಿ. ಹತ್ತಿರ ಬಂದರೆ ಇಂಪೋರ್ಟ್ ಸರಿಯಾಗಿದೆ ಅಂತ ಅರ್ಥ. ಗಡಿ ಸರಿಯಿದೆಯಾ ಅಂತ ಹೇಳಬೇಕಾದವರು ಸರ್ವೇಯರ್.

ಸರ್ವೇಯರ್ ಅಂದಾಗ ಸಿಎಸ್‌ವಿ ಬರುತ್ತದೆ. ಟೋಟಲ್ ಸ್ಟೇಷನ್ ಅನ್ನೋ ಸರ್ವೇ ಉಪಕರಣದಿಂದ ಇಳಿಸಿದ ಬಿಂದುಗಳ ಪಟ್ಟಿ.

(ತೆರೆ ಮೇಲೆ: ಎಕ್ಸೆಲ್‌ನಲ್ಲಿ ಐದು ಕಾಲಮ್)

ಬಿಂದುವಿನ ನಂಬರ್, ಎರಡು ದೊಡ್ಡ ಅಂಕಿ, ಎತ್ತರ, ವಿವರ. ಆ ಎರಡು ದೊಡ್ಡ ಅಂಕಿಯಲ್ಲಿ ನಾರ್ದಿಂಗ್, ಅಂದರೆ ಉತ್ತರ ದಿಕ್ಕಿನ ಅಂಕಿ, ಮೊದಲು ಬರೆಯೋ ಅಭ್ಯಾಸ ಸರ್ವೇಯವರಲ್ಲಿ ಜಾಸ್ತಿ. ಕ್ಯಾಡ್‌ಗೆ ಬೇಕಾದ್ದು ಎಕ್ಸ್ ಮೊದಲು, ಅಂದರೆ ಪೂರ್ವ ದಿಕ್ಕಿನ ಅಂಕಿಯಾದ ಈಸ್ಟಿಂಗ್. ಅದಲು ಬದಲಾದರೂ ಅಳತೆಯಲ್ಲಿ ತಪ್ಪು ಕಾಣಲ್ಲ. ಇದು ಭಾರಿ ಅಪಾಯದ ವಿಷಯ. ಉದ್ದ ಸರಿ, ಅಗಲ ಸರಿ, ವಿಸ್ತೀರ್ಣವೂ ಸರಿ. ಆದರೆ ಇಡೀ ನಕ್ಷೆ ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿಕೊಂಡಿರುತ್ತದೆ. ನಾನು ಹೇಳಿದ ಅರ್ಧ ನಿಮಿಷದ ಅಳತೆ ಇಲ್ಲಿ ಸಾಲಲ್ಲ.

ಯುಟಿಎಂ ಆಗಿದ್ದರೆ ಪತ್ತೆ ಸುಲಭ. ಹಾಸನದಲ್ಲಿ ಈಸ್ಟಿಂಗ್ 6 ಲಕ್ಷದ ಮೇಲೆ, ಚಿಕ್ಕಮಗಳೂರಿನಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ನಾರ್ದಿಂಗ್ ಎರಡು ಕಡೆಯೂ 14 ಲಕ್ಷದ ಮೇಲೆ. ಏಳು ಅಂಕಿ ಇರೋದು ನಾರ್ದಿಂಗ್, ಆರು ಅಂಕಿ ಇರೋದು ಈಸ್ಟಿಂಗ್. ಕಣ್ಣು ಹಾಯಿಸಿದರೆ ಸಾಕು. ಆದರೆ ಎಷ್ಟೋ ಸರ್ವೇಗಳು 1000, 1000 ಅಂತ ಲೋಕಲ್ ಅಂಕಿಯಿಂದ ಶುರುವಾಗಿರುತ್ತವೆ. ಅಲ್ಲಿ ಈ ಗುರುತು ಸಿಗಲ್ಲ. ಆಗ ಕ್ರಯಪತ್ರದ ಚೆಕ್ಕುಬಂದಿ ತೆಗೆಯಿರಿ. ಪೂರ್ವಕ್ಕೆ ರಸ್ತೆ, ಉತ್ತರಕ್ಕೆ ಹಳ್ಳ ಅಂತ ಅದರಲ್ಲಿದ್ದರೆ, ನಿಮ್ಮ ಡ್ರಾಯಿಂಗ್‌ನಲ್ಲೂ ರಸ್ತೆ ಬಲಗಡೆ, ಹಳ್ಳ ಮೇಲುಗಡೆ ಇರಬೇಕು. ರಸ್ತೆ ಮೇಲೆ ಹೋಗಿ ಹಳ್ಳ ಬಲಕ್ಕೆ ಬಂದಿದ್ದರೆ ಕಾಲಮ್ ಅದಲು ಬದಲಾಗಿದೆ.

ಮುಂದೆ ಪಿಡಿಎಫ್. ಇಂಪೋರ್ಟ್ ಮಾಡೋಕೆ ಮುಂಚೆ ಪಿಡಿಎಫ್‌ನಲ್ಲೇ ಎಷ್ಟಾಗುತ್ತದೋ ಅಷ್ಟು ಜೂಮ್ ಮಾಡಿ. ಗೆರೆ ಚೂಪಾಗಿಯೇ ಉಳಿದರೆ ಒಳಗಿರೋದು ನಿಜವಾದ ಗೆರೆ. ಚೌಕ ಚೌಕವಾಗಿ ಒಡೆದರೆ ಅದು ಬರೀ ಫೋಟೊ. ಹಳೆಯ ಗ್ರಾಮ ನಕ್ಷೆಗಳು ಹೆಚ್ಚಾಗಿ ಎರಡನೇ ಜಾತಿಯವು, ಕಾಗದವನ್ನು ಸ್ಕ್ಯಾನ್ ಮಾಡಿದ್ದು.

ಗೆರೆ ಇರೋ ಪಿಡಿಎಫ್‌ಗೆ ಆಟೋಕ್ಯಾಡ್ 2017ರಿಂದ ಪಿಡಿಎಫ್ ಇಂಪೋರ್ಟ್ ಕಮಾಂಡ್ ಇದೆ. ಗೆರೆ ಬರುತ್ತದೆ. ಆದರೆ ಪಿಡಿಎಫ್‌ನಲ್ಲಿ ವೃತ್ತ ಅನ್ನೋ ವಸ್ತುವೇ ಇಲ್ಲ, ಬಾಗಿದ ಗೆರೆಯ ತುಂಡುಗಳು ಮಾತ್ರ. ಹಾಗಾಗಿ ಕಂಬದ ವೃತ್ತ ತುಂಡು ತುಂಡಾಗಿ ಬರಬಹುದು. ಆಟೋಕ್ಯಾಡ್‌ನದೇ ಆದ ಎಸ್‌ಎಚ್‌ಎಕ್ಸ್ ಫಾಂಟ್‌ನಲ್ಲಿ ಬರೆದ ಅಕ್ಷರಗಳೂ ಗೆರೆಯಾಗಿಯೇ ಬರುತ್ತವೆ, ಅವನ್ನು ಮತ್ತೆ ಅಕ್ಷರ ಮಾಡೋಕೆ ಬೇರೆ ಕಮಾಂಡ್ ಇದೆ.

ಸ್ಕ್ಯಾನ್ ಆಗಿದ್ದರೆ ಚಿತ್ರವನ್ನು ಅಟ್ಯಾಚ್ ಮಾಡಿ, ಗೊತ್ತಿರೋ ಒಂದು ಉದ್ದಕ್ಕೆ ಸ್ಕೇಲ್ ಕಮಾಂಡ್‌ನ ರೆಫರೆನ್ಸ್ ಕೊಟ್ಟು ಸರಿ ಮಾಡಿ, ಮೇಲೆ ಕೈಯಲ್ಲೇ ಗೆರೆ ಎಳೆಯೋದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ತಾನಾಗಿ ಗೆರೆ ಹುಡುಕೋ ಸಾಫ್ಟ್‌ವೇರ್‌ಗಳು ಒಂದು ಗೆರೆಯ ಎರಡೂ ಅಂಚನ್ನು ಹಿಡಿದು ಜೋಡಿ ಗೆರೆ ಕೊಡುತ್ತವೆ. ಅದನ್ನು ಅಳಿಸೋ ಹೊತ್ತಿಗೆ ಹೊಸದಾಗಿ ಬರೆದು ಮುಗಿಸಿರಬಹುದು. ಸ್ಕೇಲ್ ಕೊಟ್ಟ ಮೇಲೆ ಅಡ್ಡಕ್ಕೆ ಒಂದು, ಉದ್ದಕ್ಕೆ ಒಂದು ಅಳತೆ ನೋಡಿ. ಹಳೆ ಕಾಗದ ಒಂದು ಕಡೆಗೆ ಎಳೆದುಕೊಂಡಿರುತ್ತದೆ.

ವರ್ಷನ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕಾಲೇಜಿನ ಲ್ಯಾಬ್‌ನಲ್ಲಿ ಹಳೆಯ ಆಟೋಕ್ಯಾಡ್, ಹೊರಗಿಂದ ಬಂದ ಡಿಡಬ್ಲ್ಯುಜಿ, ಅಂದರೆ ಆಟೋಕ್ಯಾಡ್‌ನ ಸ್ವಂತ ಮಾದರಿಯ ಫೈಲ್, ತೆರೆಯಲ್ಲ. ಆ ಫೈಲನ್ನು ನೋಟ್‌ಪ್ಯಾಡ್‌ಗೆ ಹಾಕಿ. ಎಲ್ಲಾ ಕಲಸುಮೇಲೋಗರವಾಗಿ ಕಾಣುತ್ತದೆ, ಆದರೆ ಮೊದಲ ಆರು ಅಕ್ಷರ ಓದಬಹುದು. ಎಸಿ1032 ಇದ್ದರೆ 2018ರ ಮಾದರಿ, ಎಸಿ1027 ಇದ್ದರೆ 2013, ಎಸಿ1024 ಇದ್ದರೆ 2010. ಆಟೋಡೆಸ್ಕ್‌ನ ಡಿಡಬ್ಲ್ಯುಜಿ ಟ್ರೂವ್ಯೂ, ಇಲ್ಲವೇ ಓಡಿಎ ಫೈಲ್ ಕನ್ವರ್ಟರ್, ಎರಡೂ ಉಚಿತ. ಹಳೆಯ ಮಾದರಿಗೆ ಇಳಿಸಿಕೊಳ್ಳಿ.

ಕನ್ನಡ ಅಕ್ಷರದ ಬಗ್ಗೆ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕಂದ್ರೆ ಇದನ್ನು ಹೊರಗಿನ ಟ್ಯುಟೋರಿಯಲ್‌ಗಳಲ್ಲಿ ಯಾರೂ ಹೇಳಿಕೊಡಲ್ಲ.

(ತೆರೆ ಮೇಲೆ: ನಕ್ಷೆಯಲ್ಲಿ 'ರಸ್ತೆ' ಇರಬೇಕಾದ ಕಡೆ ಕೊಂಬು, ಚುಕ್ಕೆ ಇರುವ ಇಂಗ್ಲಿಷ್ ಅಕ್ಷರಗಳು)

ರಸ್ತೆ, ಕಣ, ಬಾವಿ ಅಂತ ಕನ್ನಡದಲ್ಲಿ ಹೆಸರು ಬರೆದ ನಕ್ಷೆ ನಿಮ್ಮಲ್ಲಿ ಹೀಗೆ ಕಂಡರೆ ಫೈಲ್ ಕೆಟ್ಟಿಲ್ಲ. ಬರೆದವರು ನುಡಿಯಂಥ ಹಳೆಯ ಫಾಂಟ್ ಬಳಸಿದ್ದಾರೆ. ಅದರಲ್ಲಿ ಒಳಗೆ ಉಳಿಯೋದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕಾಣೋ ರೂಪ ಮಾತ್ರ ಕನ್ನಡ. ಆ ಫಾಂಟ್ ನಿಮ್ಮ ಕಂಪ್ಯೂಟರ್‌ನಲ್ಲಿ ಇಲ್ಲದಿದ್ದರೆ ಕನ್ನಡ ಮಾಯ. ಅದೇ ಫಾಂಟ್ ತರಿಸಿಕೊಂಡು ಹಾಕಿ, ಟೆಕ್ಸ್ಟ್ ಸ್ಟೈಲ್‌ನಲ್ಲಿ ಆರಿಸಿ. ಅಷ್ಟರಲ್ಲಿ ಅವನ್ನು ಅಳಿಸಿ ಇಂಗ್ಲಿಷ್‌ನಲ್ಲಿ ಬರೆಯೋಕೆ ಹೋಗಬೇಡಿ. ಹಳೇ ಬಾವಿಯ ಹೆಸರು, ತೋಟದ ತುಂಡಿನ ಹೆಸರು ಆ ನಕ್ಷೆಯಲ್ಲಿ ಬಿಟ್ಟು ಬೇರೆಲ್ಲೂ ಬರೆದಿರಲಿಕ್ಕಿಲ್ಲ. ನೀವೇ ಹೊಸದಾಗಿ ಬರೆಯುವಾಗ ಯುನಿಕೋಡ್ ಬಳಸಿ, ಒತ್ತಕ್ಷರ ಸರಿಯಾಗಿ ಕೂತಿದೆಯಾ ಅಂತ ಪ್ರಿಂಟ್ ತೆಗೆದು ನೋಡಿ.

ಇನ್ನು ವರ್ಕ್‌ಶಾಪ್‌ನವರಿಗೆ. ಕಾಫಿ ಪಲ್ಪರ್‌ನ ಶಾಫ್ಟ್ ಒಂದನ್ನು ಮಾಡಿಕೊಡಿ ಅಂತ ಎಸ್‌ಟಿಎಲ್ ಫೈಲ್ ಬಂತು ಅನ್ನಿ.

(ತೆರೆ ಮೇಲೆ: ಶಾಫ್ಟ್‌ನ ತುದಿ, ಜೂಮ್ ಆದಾಗ ದುಂಡಗಿನ ಬದಲು ಪಟ್ಟಿ ಪಟ್ಟಿ)

ಎಸ್‌ಟಿಎಲ್ 1987ರಲ್ಲಿ 3ಡಿ ಪ್ರಿಂಟಿಂಗ್‌ಗೆಂದೇ ಬಂದದ್ದು. ಒಳಗಿರೋದು ಬರೀ ತ್ರಿಕೋನಗಳು. ದುಂಡನೆಯ ಶಾಫ್ಟ್ ಅಲ್ಲಿ ಚಪ್ಪಟೆ ಪಟ್ಟಿಗಳ ಸುತ್ತು. ಒಂದು ಪಟ್ಟಿಯ ನಡುವಿನಿಂದ ಎದುರು ಪಟ್ಟಿಯ ನಡುವಿಗೆ ಅಳೆದರೆ ಒಂದು ಡಯಾ, ಮೂಲೆಯಿಂದ ಮೂಲೆಗೆ ಅಳೆದರೆ ಇನ್ನೊಂದು. ಬೇರಿಂಗ್ ಕೂರೋ ಜಾಗದಲ್ಲಿ ಇದನ್ನು ನಂಬಿ ಲೇತ್ ಹಿಡಿಯೋ ಹಾಗಿಲ್ಲ. ಮೇಲಾಗಿ ಎಸ್‌ಟಿಎಲ್‌ನಲ್ಲಿ ಯುನಿಟ್ ಇಲ್ಲವೇ ಇಲ್ಲ. ಇಂಚೋ ಮಿಲಿಮೀಟರೋ ನೀವೇ ಹೇಳಬೇಕು.

ಸ್ಟೆಪ್ ಫೈಲ್ ಕೇಳಿ. 1994ರಲ್ಲಿ ಐಎಸ್‌ಒ 10303 ಅಂತ ಮೊದಲು ಪ್ರಕಟವಾದ ಮಾನದಂಡ ಅದು. ಅದರಲ್ಲಿ ಸಿಲಿಂಡರ್ ಅಂದರೆ ಸಿಲಿಂಡರೇ, ಡಯಾ ಮೇಲೆ ಕ್ಲಿಕ್ ಮಾಡಿದರೆ ಅಂಕಿ ಸಿಗುತ್ತದೆ, ಯುನಿಟ್ಟೂ ಜೊತೆಯಲ್ಲೇ ಬರುತ್ತದೆ. ಉಚಿತವಾದ ಫ್ರೀಕ್ಯಾಡ್‌ನಲ್ಲೂ ತೆರೆಯುತ್ತದೆ. ಬರದೇ ಇರೋದು, ಆ ಭಾಗವನ್ನು ಹೇಗೆ ಹೇಗೆ ಕಟ್ಟಿದರು ಅನ್ನೋ ಫೀಚರ್‌ಗಳ ಪಟ್ಟಿ. ಶಾಫ್ಟ್‌ನಲ್ಲಿ ಕೀ ಕೂರೋ ಸೀಳಿನ, ಅಂದರೆ ಕೀವೇಯ, ಅಗಲ ಬದಲಾಯಿಸಬೇಕಾದರೆ ಅದನ್ನು ನೀವೇ ತುಂಬಿಸಿ ಮತ್ತೆ ಕೊರೆಯಬೇಕು. ಅಳತೆ ಎಷ್ಟು ಹೆಚ್ಚು ಕಡಿಮೆ ಆದರೆ ನಡೆಯುತ್ತದೆ ಅನ್ನೋ ಟಾಲರೆನ್ಸ್ ವಿಷಯಕ್ಕೆ ಒಂದು ಪಿಡಿಎಫ್ ಡ್ರಾಯಿಂಗ್ ಕೂಡ ಕೇಳಿ ಪಡೆಯಿರಿ.

ಇಷ್ಟೆಲ್ಲಾ ತಾಪತ್ರಯದಲ್ಲಿ ಅರ್ಧಕ್ಕರ್ಧ ಫೈಲ್ ಬರೋಕೆ ಮುಂಚೆಯೇ ತಪ್ಪಿಸಬಹುದು. ಸರ್ವೇಯರ್‌ಗೆ ಕಳಿಸೋ ಒಂದು ವಾಟ್ಸಾಪ್ ಮೆಸೇಜ್ ಬರೆದಿಟ್ಟಿದ್ದೇನೆ. ವಿಡಿಯೋ ನಿಲ್ಲಿಸಿ ಬರೆದುಕೊಳ್ಳಿ.

(ತೆರೆ ಮೇಲೆ, ದೊಡ್ಡ ಅಕ್ಷರದಲ್ಲಿ:)

"ಸರ್, ನಮಸ್ಕಾರ. ಸರ್ವೇ ಫೈಲ್ ಡಿಎಕ್ಸ್‌ಎಫ್‌ನಲ್ಲೂ ಸಿಎಸ್‌ವಿಯಲ್ಲೂ ಕಳಿಸಿ. ಡಿಎಕ್ಸ್‌ಎಫ್ ಅನ್ನು 2013 ಮಾದರಿಯಲ್ಲಿ ಸೇವ್ ಮಾಡಿ. ಯುನಿಟ್ ಮೀಟರಾ, ಅಡಿಯಾ? ಯುಟಿಎಂ 43ರಲ್ಲಿ ಇದೆಯಾ, ಲೋಕಲ್ ಅಂಕಿಯಾ? ಸಿಎಸ್‌ವಿಯಲ್ಲಿ ಮೊದಲು ನಾರ್ದಿಂಗಾ, ಈಸ್ಟಿಂಗಾ? ಕನ್ನಡ ಹೆಸರು ಇದ್ದರೆ ಫಾಂಟ್ ಫೈಲ್ ಕೂಡ ಕಳಿಸಿ. ಸ್ಥಳದಲ್ಲಿ ಟೇಪ್ ಹಿಡಿದು ಅಳೆದ ಒಂದು ಉದ್ದ, ಯಾವ ಕಲ್ಲಿನಿಂದ ಯಾವ ಕಲ್ಲಿಗೆ ಅಂತ ತಿಳಿಸಿ. ಜೊತೆಗೆ ಒಂದು ಪಿಡಿಎಫ್ ಇರಲಿ."