ಕೆರೆಯ ಕೋಡಿ ಯಾರಿಗೆ ಗೊತ್ತು?

ಎಲ್ಲರಿಗೂ ನಮಸ್ಕಾರ. ಸಂತೆ ದಿನವೇ ಈ ಮಾತುಕತೆ ಇಟ್ಟುಕೊಂಡಿದ್ದೀರಿ, ನನಗೆ ತುಂಬಾ ಖುಷಿಯಾಯಿತು. ಸೋಮವಾರಪೇಟೆಯಲ್ಲಿ ಸೋಮವಾರ ಕರೆದರೆ ಸುತ್ತಲ ಹಳ್ಳಿಯವರೂ ಬರುತ್ತಾರೆ. ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಕರೆದಿದ್ದರೆ ಬಿಡುವಿದ್ದವರು ಮಾತ್ರ ಬರುತ್ತಿದ್ದರು, ಅಲ್ವಾ? ಕೆರೆದಂಡೆಯ ಸಣ್ಣ ಊರಿಗೆ ಯೋಜನೆ ಮಾಡುವಾಗ ಊರನ್ನು ಹೇಗೆ ಕೇಳಬೇಕು ಅನ್ನುವುದು ಇವತ್ತಿನ ವಿಷಯ. ಯಾವ ದಿನ ಕೇಳುತ್ತೀರಿ ಅನ್ನುವುದೇ ಅದರಲ್ಲಿ ಅರ್ಧ.

ನಾನು ಬಹಳ ವರ್ಷ ಊರುಗಳ ನಕ್ಷೆ ಬರೆಯುವ ಕೆಲಸ ಮಾಡಿದವನು. ಒಂದು ಸಣ್ಣ ಊರು, ಊರ ಬದಿಗೆ ಕೆರೆ. ನಡೆಯಲು ದಾರಿ, ಕೂರಲು ಬೆಂಚು, ದೀಪದ ಕಂಬ, ಒಂದು ಕಡೆ ಪಾರ್ಕಿಂಗ್. ಎಲ್ಲ ಬರೆದು, ಬಣ್ಣ ಹಾಕಿ, ಗೋಡೆಗೆ ಅಂಟಿಸಿದ ಮೇಲೆ ಊರವರನ್ನು ಕರೆದೆವು. ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು ಬಂದರು. ಕಾಫಿ ತೋಟದ ಲೈನ್ ಮನೆಯವರು, ಅಂದರೆ ಕೂಲಿಯವರ ಸಾಲುಮನೆಯವರು. ಇದರಲ್ಲಿ ಕೆರೆ ಯಾವುದು ಅಂತ ಕೇಳಿದರು. ತೋರಿಸಿದೆ. ಆಮೇಲೆ ಪಾರ್ಕಿಂಗ್ ಮೇಲೆ ಬೆರಳಿಟ್ಟು, "ಇದು ಕೋಡಿ ಅಲ್ವಾ ಸಾರ್? ಕಕ್ಕಡದ ಮಳೆಯಲ್ಲಿ ನೀರು ಹಾರೋದು ಇಲ್ಲೇ" ಅಂದರು. ಕೋಡಿ ಅಂದರೆ ತುಂಬಿದ ಕೆರೆಯ ಹೆಚ್ಚಿನ ನೀರು ಹೊರಗೆ ಹರಿಯುವ ಜಾಗ. ಕಕ್ಕಡ ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳು.

ನಾವು ಸರ್ವೆ ಮಾಡಿದ್ದು ಮಾರ್ಚ್‌ನಲ್ಲಿ. ಆಗ ಕೋಡಿಯ ಕಲ್ಲುಗಳ ಮೇಲೆ ಲಂಟಾನ ಬೆಳೆದು ಮುಚ್ಚಿಹೋಗಿತ್ತು. ಅಜ್ಜಿ ಹೇಳಿದ್ದನ್ನು ರಿಜಿಸ್ಟರ್‌ನಲ್ಲಿ ಬರೆದುಕೊಂಡೆವು. ಆದರೆ ಅಷ್ಟೊತ್ತಿಗೆ ಹಣ ಮಂಜೂರಾಗಿ ಟೆಂಡರ್ ಆಗಿಹೋಗಿತ್ತು. ಕೆಲಸ ನಿಲ್ಲಲಿಲ್ಲ. ಮುಂದಿನ ಮಳೆಗಾಲ ಕೆರೆ ತುಂಬಿದಾಗ ನೀರು ಬೇರೆ ದಾರಿ ಹುಡುಕಿತು. ತಗ್ಗಿನಲ್ಲಿದ್ದ ಮನೆಗಳಿಗೆ ನುಗ್ಗಿತು. ಆ ದಿನ ಆ ಮನೆಗಳ ಮುಂದೆ ನಿಂತದ್ದು ಇವತ್ತಿಗೂ ನನಗೆ ನೋವು ಕೊಡುತ್ತದೆ.

ಕಾನೂನಿನಲ್ಲಿ ಜನರನ್ನು ಕೇಳಲು ಜಾಗವೇ ಇಲ್ಲ ಅಂತೇನಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ಊರಿನ ಯೋಜನೆಯನ್ನು ಪಟ್ಟಣಗಳ ಸ್ಥಳೀಯ ಸಂಸ್ಥೆಗಳಿಗೆ ಕೊಡಬಹುದಾದ ಕೆಲಸಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಇಟ್ಟಿದೆ. ಹಳ್ಳಿಗಳಲ್ಲಿ ಗ್ರಾಮಸಭೆ ಇದೆ, ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ, ಮಾಸ್ಟರ್ ಪ್ಲಾನ್ ಪ್ರಕಟಿಸಿ ಜನರ ಅಭಿಪ್ರಾಯಕ್ಕೆ 60 ದಿನ ಕೊಡಬೇಕು ಎಂದಿದೆ. ಆದರೆ ಆ 60 ದಿನ ಶುರುವಾಗುವುದು ನಕ್ಷೆ ಬರೆದಾದ ಮೇಲೆ. ಅಜ್ಜಿ ಬಂದದ್ದೂ ಆಗಲೇ. ಅದಕ್ಕೇ ನಾನು ಕೇಳಿಕೊಳ್ಳುವುದು ಇಷ್ಟು: ಹಾಳೆ ಖಾಲಿ ಇರುವಾಗಲೇ ಊರನ್ನು ಕರೆಯಿರಿ.

ಕೆರೆ ಅಂದರೆ ಕಣ್ಣಿಗೆ ಕಾಣುವ ನೀರು ಮಾತ್ರ ಅಲ್ಲ. ಅದಕ್ಕೆ ಏರಿ ಇದೆ, ತೂಬು ಇದೆ, ಕೋಡಿ ಇದೆ. ಮೇಲಿನ ತೋಟಗಳಿಂದ ಇಳಿದುಬರುವ ತೋಡುಗಳಿವೆ, ಅಂದರೆ ಸಣ್ಣ ಹಳ್ಳಗಳು. ಕೆಳಗೆ ಗದ್ದೆಗಳಿವೆ. ಗದ್ದೆಗೆ ಬದು ಇರುವುದರಿಂದ ಮಳೆನೀರು ಅಲ್ಲಿ ನಿಂತು, ಇಂಗಿ, ನಿಧಾನಕ್ಕೆ ಮುಂದೆ ಹೋಗುತ್ತದೆ. ಅದೇ ಗದ್ದೆಗೆ ಮಣ್ಣು ತುಂಬಿಸಿ ಸೈಟ್ ಮಾಡಿದರೆ ಆ ನೀರು ಎಲ್ಲಿಗೆ ಹೋಗಬೇಕು? 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದದ್ದನ್ನು ನಾವ್ಯಾರೂ ಮರೆತಿಲ್ಲ. ಅದೇ ಮಳೆಯಲ್ಲಿ ಕುಶಾಲನಗರದ ತಗ್ಗಿನ ಬಡಾವಣೆಗಳಿಗೆ ಕಾವೇರಿ ನುಗ್ಗಿದಳು. 2019ರಲ್ಲಿ ಮತ್ತೆ ನುಗ್ಗಿದಳು. ಹಾಗಾಗಿ ಕೆರೆಯ ಮಾತುಕತೆಗೆ ಕೆರೆದಂಡೆಯವರ ಜೊತೆ ಮೇಲಿನ ತೋಟದವರೂ ಬೇಕು, ಕೆಳಗಿನ ಗದ್ದೆಯವರೂ ಬೇಕು.

ಇನ್ನೊಂದು ವಿಷಯ. ಒಂದೇ ಸಭೆಯಲ್ಲಿ ಕೇಳಿ ಮುಗಿಸಬೇಡಿ. ಕಕ್ಕಡದಲ್ಲಿ ಒಮ್ಮೆ, ಕಾಫಿ ಕೊಯ್ಲಿನ ಕಾಲದಲ್ಲಿ ಒಮ್ಮೆ, ಎರಡು ಸಲವಾದರೂ ಕೇಳಿ. ಮಳೆಗಾಲದಲ್ಲಿ ಕೋಡಿ ಎಲ್ಲಿ, ನೀರು ಎಲ್ಲಿವರೆಗೆ ಏರುತ್ತದೆ ಅನ್ನುವುದು ತಿಳಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೇರೆಯದೇ ಕೆರೆ ಕಾಣುತ್ತದೆ. ಆಗ ಕಾಫಿ ಹಣ್ಣು ಪಲ್ಪ್ ಮಾಡಿದ, ಅಂದರೆ ಸಿಪ್ಪೆ ಬಿಡಿಸಿ ತೊಳೆದ ನೀರು ತೋಡಿಗೆ ಬಿಟ್ಟರೆ, ಹರಿವೇ ಕಮ್ಮಿ ಇರುವ ಹೊತ್ತಿನಲ್ಲಿ ಅದು ಕೆರೆ ಸೇರುತ್ತದೆ. ನೀರು ಕಪ್ಪಾಗುತ್ತದೆ, ವಾಸನೆ ಬರುತ್ತದೆ, ಮೀನು ಸಾಯುತ್ತದೆ. ಇದನ್ನು ಮೊದಲು ನೋಡುವವರು ಬಟ್ಟೆ ಒಗೆಯುವ ಹೆಂಗಸರು, ದನ ಕಾಯುವವರು, ಗಾಳ ಹಾಕುವ ಹುಡುಗರು. ಕೊಯ್ಲಿನಲ್ಲಿ ಹಗಲು ಯಾರಿಗೂ ಪುರುಸೊತ್ತಿಲ್ಲ. ಸಂಜೆ ಲೈನ್ ಮನೆಗಳ ಹತ್ತಿರ ನೀವೇ ಹೋಗಿ. ಕೂಲಿ ಬಿಟ್ಟು ಬನ್ನಿ ಅಂತ ಅವರಿಗೆ ಹೇಳಬೇಡಿ. ಹೆಂಗಸರ ಜೊತೆ ಬೇರೆಯಾಗಿಯೂ ಕೂತು ಮಾತಾಡಿ. ಯಜಮಾನರ ಎದುರಿಗೆ ಅವರು ಬಾಯಿ ಬಿಡುವುದು ಕಡಿಮೆ.

ಕೆರೆ ಬಗ್ಗೆ ನಮಗೆ ಪ್ರೀತಿ ಇಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಇಲ್ಲೇ ದೊಡ್ಡಮಳ್ತೆಯಲ್ಲಿ ಹೊನ್ನಮ್ಮನ ಕೆರೆ ಇದೆ. ಗೌರಿ ಹಬ್ಬದ ದಿನ ಬಾಗಿನ ಬಿಡಲು ಎಷ್ಟು ಜನ ಸೇರುತ್ತಾರೆ! ಊರಿಗೆ ನೀರು ಬರಲಿ ಅಂತ ಪ್ರಾಣ ಕೊಟ್ಟ ಸೊಸೆ ಹೊನ್ನಮ್ಮನ ಕಥೆಯನ್ನು ಮಕ್ಕಳಿಗೆ ಇವತ್ತಿಗೂ ಹೇಳುತ್ತೇವೆ. ಯಾವ ನೋಟಿಸೂ ಇಲ್ಲದೆ ಜನ ತಾವಾಗಿ ಕೆರೆಗೆ ಬರುವ ದಿನ ಅದು. ಅಂಥ ದಿನ ಏರಿಯ ಮೇಲೆ ಒಂದು ಮೇಜು ಹಾಕಿ ಯಾಕೆ ಕೇಳಬಾರದು?

ಕೇಳಿದ ಮೇಲೆ ಉತ್ತರವನ್ನೂ ಕೊಡಬೇಕು. ಯಾರು ಏನು ಹೇಳಿದರು, ಅದರಲ್ಲಿ ಯಾವುದನ್ನು ಒಪ್ಪಿದಿರಿ, ಯಾವುದನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ. ಇಷ್ಟನ್ನು ಕನ್ನಡದಲ್ಲಿ ಬರೆದು ಪಂಚಾಯತಿ ಬೋರ್ಡಿನಲ್ಲಿ ಹಾಕಿ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ನಮ್ಮ ರಿಜಿಸ್ಟರ್‌ನಲ್ಲಿ ಅಜ್ಜಿಯ ಮಾತು ಇತ್ತು. ಅದಕ್ಕೆ ಏನಾಯಿತು ಅಂತ ಅವರಿಗೆ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ನನ್ನ ಮಾತು ಇಲ್ಲಿಗೆ ಸಾಕು. ಇನ್ನು ನೀವು ಹೇಳಬೇಕು. ಮೇಜಿನ ಮೇಲೆ ದೊಡ್ಡ ಹಾಳೆ ಇಟ್ಟಿದ್ದೇನೆ. ಕೆರೆಯ ಅಂಚು ಬಿಟ್ಟರೆ ಅದರಲ್ಲಿ ಏನೂ ಬರೆದಿಲ್ಲ. ಪೆನ್ಸಿಲ್ ಪಕ್ಕದಲ್ಲೇ ಇದೆ. ಹಿಂದೆ ಕೂತಿರುವ ಅಮ್ಮಂದಿರು ಮೊದಲು ಬನ್ನಿ. ಬರೆಯಲು ಬರದಿದ್ದರೆ ಬೆರಳಿಟ್ಟು ತೋರಿಸಿ, ನಾನು ಬರೆಯುತ್ತೇನೆ. ಮೊದಲು ಕೋಡಿ ಎಲ್ಲಿ ಹೇಳಿ.