ಚೀಲದೊಳಗಿನ ಬುಲೆಟಿನ್ ಬೋರ್ಡು

ಕೇಳುಗರಿಗೆ ನಮಸ್ಕಾರ. 1985ರ ಸುಮಾರಿಗೆ ಅಮೆರಿಕದ ಒಂದು ಊರಿನಲ್ಲಿ ಓದುತ್ತಿದ್ದಾಗ ನಾನು ಒಂದು ಸಣ್ಣ ಬುಲೆಟಿನ್ ಬೋರ್ಡನ್ನು ನಡೆಸುತ್ತಿದ್ದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮಾತ್ರ ಅದು ತೆರೆದಿರುತ್ತಿತ್ತು. ಹಗಲಿನಲ್ಲಿ ಅದು ಮುಚ್ಚಿರುತ್ತಿತ್ತು ಎಂದರೆ ಸಾಲದು, ಮನೆಯಲ್ಲೇ ಇರುತ್ತಿರಲಿಲ್ಲ. ಊರಿನ ಮೂವತ್ತು ನಲವತ್ತು ಮಂದಿ ಬರೆದಿಟ್ಟ ಓಲೆಗಳೆಲ್ಲ ನನ್ನ ಹೆಗಲ ಚೀಲದಲ್ಲಿ, ಮಧ್ಯಾಹ್ನದ ಬುತ್ತಿಯ ಪಕ್ಕದಲ್ಲಿ, ಒಂದು ತರಗತಿಯಿಂದ ಇನ್ನೊಂದಕ್ಕೆ ತಿರುಗಾಡುತ್ತಿದ್ದವು.

ಬುಲೆಟಿನ್ ಬೋರ್ಡೆಂದರೆ ಯಾರದೋ ಮನೆಯ ಒಂದು ಕಂಪ್ಯೂಟರು, ಕಂಪ್ಯೂಟರಿನ ಅಕ್ಷರಗಳನ್ನು ಫೋನಿನಲ್ಲಿ ಹೋಗುವ ಸ್ವರಗಳಾಗಿಸುವ ಒಂದು ಮೋಡೆಮ್, ಒಂದು ಫೋನಿನ ತಂತಿ, ಅಷ್ಟೆ. ನೀವು ನಿಮ್ಮ ಕಂಪ್ಯೂಟರಿನಿಂದ ಆ ಸಂಖ್ಯೆಗೆ ಕರೆ ಮಾಡುತ್ತೀರಿ, ಹಿಂದಿನವರು ಬರೆದದ್ದನ್ನು ಓದುತ್ತೀರಿ, ನಿಮ್ಮದೊಂದು ಮಾತು ಬರೆದು ಫೋನಿಡುತ್ತೀರಿ. ಊರ ಮುಂದಿನ ಅರಳಿಕಟ್ಟೆಯಂತೆಯೇ ಅದು, ಆದರೆ ಈ ಕಟ್ಟೆಯ ಮೇಲೆ ಒಮ್ಮೆಗೆ ಒಬ್ಬರೇ ಕೂರಬಹುದು. ಇದನ್ನು ಮೊದಲು ಕಟ್ಟಿದವರು ಷಿಕಾಗೊದ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸ್ಯೂಸ್ ಎಂಬ ಇಬ್ಬರು ಹವ್ಯಾಸಿಗಳು. 1978ರ ಜನವರಿಯಲ್ಲಿ ಹಿಮಪಾತದಿಂದ ಊರೇ ಸ್ತಬ್ಧವಾಗಿದ್ದಾಗ ಕೆಲಸಕ್ಕೆ ಕೈಹಚ್ಚಿ, ಫೆಬ್ರವರಿ 16ರ ಹೊತ್ತಿಗೆ ಅದನ್ನು ಬಳಕೆಗೆ ತಂದರು. ಅಮೆರಿಕದ ಹೆಚ್ಚಿನ ಮನೆಗಳಲ್ಲಿ ಸ್ಥಳೀಯ ಕರೆಗೆ ತಿಂಗಳ ಬಾಡಿಗೆಯ ಹೊರತು ಬೇರೆ ಖರ್ಚಿರಲಿಲ್ಲ. ಅಲ್ಲಿ ಈ ಹವ್ಯಾಸ ಬೇರು ಬಿಟ್ಟದ್ದು ಮುಖ್ಯವಾಗಿ ಆ ಕಾರಣಕ್ಕೆ. ನಮ್ಮಲ್ಲಿ ಆಗ ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆಯಾದ ಸಿ-ಡಾಟ್‌ನ 128 ಲೈನುಗಳ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರ ಕಿತ್ತೂರಿಗೆ ಬಂದದ್ದೇ 1986ರಲ್ಲಿ.

ನನ್ನ ಕೈಯಲ್ಲಿದ್ದದ್ದು ಟಿಆರ್‌ಎಸ್-80 ಮಾಡೆಲ್ 100 ಎಂಬ, ಹೊತ್ತೊಯ್ಯಬಹುದಾದ ಕಂಪ್ಯೂಟರು. ಜಪಾನಿನ ಕ್ಯೋಸೆರಾ ಸಂಸ್ಥೆ ತಯಾರಿಸಿ, ರೇಡಿಯೊ ಷ್ಯಾಕ್ ಅಂಗಡಿಗಳ ಮೂಲಕ 1983ರಲ್ಲಿ ಮಾರಾಟಕ್ಕೆ ಬಂದ ಈ ಯಂತ್ರ ಒಂದು ದಪ್ಪ ನಿಘಂಟಿನಷ್ಟು ಅಗಲವಿತ್ತು, ತೂಕ ಒಂದೂವರೆ ಕಿಲೊದೊಳಗೆ. ಒಳ್ಳೆಯ ಕೀಲಿಮಣೆ, ಅದರ ಮೇಲೆ ಸಾಲಿಗೆ 40 ಅಕ್ಷರಗಳಂತೆ 8 ಸಾಲುಗಳ ಪರದೆ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಸುಮಾರು 20 ಗಂಟೆ ನಡೆಯುತ್ತಿತ್ತು. ಪತ್ರಕರ್ತರಿಗೆ ಅದು ಅಚ್ಚುಮೆಚ್ಚಾಗಿತ್ತು. ಹೋದಲ್ಲೇ ಕುಳಿತು ವರದಿ ಬರೆದು, ಅಲ್ಲಿಂದಲೇ ಫೋನಿನಲ್ಲಿ ಕಚೇರಿಗೆ ಕಳಿಸಿಬಿಡಬಹುದಿತ್ತು. ಅದರೊಳಗಿನ ತಂತ್ರಾಂಶದ ದೊಡ್ಡ ಪಾಲನ್ನು ಬಿಲ್ ಗೇಟ್ಸ್ ತಾವೇ, ಸುಜುಕಿ ಎಂಬ ಜಪಾನಿ ಸಹೋದ್ಯೋಗಿಯೊಂದಿಗೆ ಕುಳಿತು ಬರೆದಿದ್ದರು.

ಆದರೆ ಬೋರ್ಡು ನಡೆಸುವವನಿಗೆ ಮುಖ್ಯವಾದ ಅಂಕಿ ಒಂದೇ: 29638. ಮೆಮೊರಿಯನ್ನು 32ಕೆ ತುಂಬ ಏರಿಸಿದ ಮೇಲೂ ಯಂತ್ರ ಆನ್ ಮಾಡಿದಾಗ ಪರದೆಯ ಕೆಳಗೆ ಕಾಣುತ್ತಿದ್ದ ಖಾಲಿ ಬೈಟುಗಳ ಲೆಕ್ಕವಿದು. ಬೈಟೆಂದರೆ ಒಂದು ಅಕ್ಷರದ ಜಾಗ. ಡಿಸ್ಕಿಲ್ಲ, ಬೇರೆ ಉಗ್ರಾಣವಿಲ್ಲ. ಪ್ರೋಗ್ರಾಮು, ಸದಸ್ಯರ ಹೆಸರು, ಓಲೆಗಳು, ಜೊತೆಗೆ ನನ್ನ ತರಗತಿಯ ಟಿಪ್ಪಣಿಗಳು, ಎಲ್ಲವೂ ಈ ಒಂದೇ ಡಬ್ಬಿಯಲ್ಲಿ ಹಿಡಿಸಬೇಕು. ಬೇಸಿಕ್ ಭಾಷೆಯಲ್ಲಿ ನಾನು ಬರೆದ ಪ್ರೋಗ್ರಾಮಿಗೆ ಹೆಚ್ಚುಕಡಿಮೆ ಏಳು ಸಾವಿರ ಬೈಟು ಹೋಯಿತು. ಒಂದು ಓಲೆಗೆ ಪರದೆಯ ಅಳತೆಯನ್ನೇ ಮಿತಿಯಾಗಿಟ್ಟೆ: 8 ಸಾಲು, 320 ಅಕ್ಷರ. ಇಂಥ ನಲವತ್ತು ಓಲೆಗಳಿಗೆ 12,800 ಬೈಟು. ಸದಸ್ಯರ ಪಟ್ಟಿ ಕಳೆದು ಉಳಿದದ್ದರಲ್ಲಿ ನನ್ನ ಓದು.

ತೊಡಕು ಇದ್ದದ್ದು ಹಳೆಯ ಓಲೆಗಳನ್ನು ಅಳಿಸುವುದರಲ್ಲಿ. ಆ ಬೇಸಿಕ್‌ನಲ್ಲಿ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಓದಬಹುದು, ಕೊನೆಗೆ ಸೇರಿಸಬಹುದು. ನಡುವಿನಿಂದ ಒಂದನ್ನು ಕಿತ್ತುಹಾಕುವಂತಿರಲಿಲ್ಲ. ಕಿತ್ತುಹಾಕಬೇಕೆಂದರೆ ಉಳಿದದ್ದನ್ನೆಲ್ಲ ಇನ್ನೊಂದು ಫೈಲಿಗೆ ನಕಲು ಮಾಡಬೇಕು, ಆಗ ಎರಡರಷ್ಟು ಜಾಗ ಬೇಕು, ಆ ಜಾಗವೇ ಇಲ್ಲ. ಓಲೆಗೊಂದು ಫೈಲು ಮಾಡೋಣವೆಂದರೆ ಮೆನುವಿನಲ್ಲಿದ್ದದ್ದು ಒಟ್ಟು 24 ಮನೆಗಳು, ಅದರಲ್ಲಿ ಐದು ಯಂತ್ರದ ಸ್ವಂತ ಪ್ರೋಗ್ರಾಮುಗಳಿಗೇ ಮೀಸಲು. ಕೊನೆಗೆ ನಾಲ್ಕು ಓಲೆಗಳ ಒಂದೊಂದು ಕಟ್ಟು ಮಾಡಿ, ಹತ್ತು ಫೈಲುಗಳಲ್ಲಿ ಹಂಚಿದೆ. ಹನ್ನೊಂದನೆಯ ಕಟ್ಟು ಬೇಕಾದಾಗ ಪ್ರೋಗ್ರಾಮು ಅತಿ ಹಳೆಯದಕ್ಕೆ ಕಿಲ್ ಆಜ್ಞೆ ಕೊಟ್ಟು ಜಾಗ ಮಾಡಿಕೊಳ್ಳುತ್ತಿತ್ತು. ಹೋಗುವಾಗ ನಾಲ್ಕೂ ಒಟ್ಟಿಗೇ ಹೋಗುತ್ತಿದ್ದವು. ಮೂರು ಬರಿಯ ಹರಟೆ, ನಾಲ್ಕನೆಯದರಲ್ಲಿ ಯಾರೋ ಕಷ್ಟಪಟ್ಟು ಬರೆದ ಉತ್ತರ, ಯಂತ್ರಕ್ಕೆ ಅದರ ಗೊಡವೆಯಿಲ್ಲ. ಹಾಗಾಗಿ ಪ್ರತಿ ಸಂಜೆ ಬೋರ್ಡು ತೆರೆಯುವ ಮೊದಲು ಹಳೆಯ ಕಟ್ಟನ್ನು ಬಿಚ್ಚಿ ಓದಿ, ಉಳಿಸತಕ್ಕದ್ದಿದ್ದರೆ ಹೊಸ ಕಟ್ಟಿಗೆ ನಾನೇ ಕೈಯಾರೆ ದಾಟಿಸುತ್ತಿದ್ದೆ. ಯಾರ ಮಾತು ಉಳಿಯಬೇಕು, ಯಾರದು ಹೋಗಬೇಕು ಎಂಬ ಈ ಅಧಿಕಾರ ನನಗೆ ಎಂದೂ ಹಿತವೆನಿಸಲಿಲ್ಲ. ನನ್ನ ಸ್ವಂತ ಓಲೆಗಳನ್ನೇ ಮೊದಲು ಅಳಿಸುವುದೆಂದು ನಿಯಮ ಮಾಡಿಕೊಂಡೆ. ಎರಡು ವಾರ ಪಾಲಿಸಿದ್ದೂ ಉಂಟು.

ಯಂತ್ರದೊಳಗೇ ಒಂದು ಮೋಡೆಮ್ ಇತ್ತು. ಎಡಬದಿಯ ಪುಟ್ಟ ಸ್ವಿಚ್ಚನ್ನು ಸರಿಸಿದರೆ ಅದು ಕರೆ ಮಾಡುವುದರ ಬದಲು ಕರೆಗೆ ಉತ್ತರ ಕೊಡುವ ಸ್ವರವನ್ನು ಹೊರಡಿಸುತ್ತಿತ್ತು. ಆದರೆ ರಾತ್ರಿಯೆಲ್ಲ ಫೋನಿನ ಪಕ್ಕದಲ್ಲಿ ಎದ್ದು ಕೂರುವವರು ಯಾರು? ಹೀಗಾಗಿ ಗಂಟೆ ಬಾರಿಸಿದಾಗ ತಾನೇ ಎತ್ತಿಕೊಳ್ಳುವ ಹೊರಗಿನ ಮೋಡೆಮ್ ಒಂದನ್ನು ಹಿಂಬದಿಯ 25 ಪಿನ್ನಿನ ಕಿಂಡಿಗೆ ಸೇರಿಸಿದೆ. ಅದಕ್ಕೆ ಎಟಿಎಸ್0=1 ಎಂದು ಆಜ್ಞೆ ಕೊಟ್ಟರೆ ಮೊದಲ ಗಂಟೆಗೇ ಎತ್ತಿಕೊಳ್ಳುತ್ತಿತ್ತು. ಕಂಪ್ಯೂಟರಿನ ಕಡೆ ಆ ಕಿಂಡಿಯನ್ನು ತೆರೆಯುವಾಗ 38ಎನ್1ಇ ಎಂದು ಬರೆಯಬೇಕು. ಮೂರೆಂದರೆ 300 ಬಾಡ್ ವೇಗ, ಇಲ್ಲಿ ಸೆಕೆಂಡಿಗೆ 300 ಬಿಟ್‌ಗಳು; ಎಂಟೆಂದರೆ ಅಕ್ಷರಕ್ಕೆ ಎಂಟು ಬಿಟ್‌ಗಳು; ಎನ್ ಎಂದರೆ ತಪ್ಪು ಹಿಡಿಯುವ ಪ್ಯಾರಿಟಿ ಬಿಟ್ ಇಲ್ಲ; ಒಂದೆಂದರೆ ಅಕ್ಷರ ಮುಗಿಯಿತೆನ್ನುವ ಸ್ಟಾಪ್ ಬಿಟ್ ಒಂದು; ಇ ಎಂದರೆ ಓದುವವರು ಕಂಟ್ರೋಲ್-ಎಸ್ ಒತ್ತಿ ಸಾಲುಗಳನ್ನು ತಡೆಯಬಹುದು, ಕಂಟ್ರೋಲ್-ಕ್ಯೂ ಒತ್ತಿ ಮತ್ತೆ ಬಿಡಬಹುದು. ಆರಂಭದ ಮತ್ತು ಕೊನೆಯ ಬಿಟ್ ಸೇರಿ ಅಕ್ಷರಕ್ಕೆ ಹತ್ತು ಬಿಟ್‌ಗಳಂತೆ, ಈ ವೇಗದಲ್ಲಿ ಸೆಕೆಂಡಿಗೆ 30 ಅಕ್ಷರ ಹೋಗುತ್ತವೆ. ಒಂದು ಓಲೆ ಪೂರ್ತಿ ಇಳಿಯಲು ಹನ್ನೊಂದು ಸೆಕೆಂಡು, ಅಂದರೆ ಗಟ್ಟಿಯಾಗಿ ಓದುವುದಕ್ಕಿಂತ ಬೇಗ. ಬರುತ್ತಿದ್ದಂತೆಯೇ ಓದಿ ಮುಗಿಸಬಹುದು.

ಫೋನಿನ ಸಂಪರ್ಕ ಕತ್ತರಿಸಿಹೋದಾಗ ಮೋಡೆಮ್ "ನೋ ಕ್ಯಾರಿಯರ್", ಅಂದರೆ ಅತ್ತಲಿನ ಸ್ವರವಿಲ್ಲ, ಎಂಬ ಎರಡು ಪದಗಳನ್ನು ಕಂಪ್ಯೂಟರಿಗೆ ಕಳಿಸುತ್ತದೆ. ನನ್ನ ಪ್ರೋಗ್ರಾಮು ಆ ಪದಗಳಿಗಾಗಿ ಕಿವಿಗೊಟ್ಟು ಕುಳಿತಿರುತ್ತಿತ್ತು, ಕಂಡೊಡನೆ ಕರೆ ಮುಗಿಯಿತೆಂದು ಎಲ್ಲವನ್ನೂ ಮುಚ್ಚಿ ಮುಂದಿನವರಿಗೆ ಸಿದ್ಧವಾಗುತ್ತಿತ್ತು. ಆದರೆ ಆ ಪದಗಳನ್ನು ಕಳಿಸಿದ್ದು ಮೋಡೆಮ್ಮೋ, ಕರೆ ಮಾಡಿದ ತುಂಟನೋ ಎಂದು ಅದಕ್ಕೆ ತಿಳಿಯುವ ಬಗೆ ಇರಲಿಲ್ಲ. ಒಬ್ಬ ಹುಡುಗ ಇದನ್ನು ಪತ್ತೆಹಚ್ಚಿ, ತನ್ನ ಓಲೆಯ ನಡುವೆ ಆ ಎರಡು ಪದ ಬರೆದು, ಬೋರ್ಡನ್ನು ಬೇಕೆಂದಾಗ ಮಂಕು ಹಿಡಿಸುತ್ತಿದ್ದ. ಅವನನ್ನು ಬೈಯುವ ಮನಸ್ಸಾಗಲಿಲ್ಲ. ನನ್ನ ಪ್ರೋಗ್ರಾಮನ್ನು ಅಷ್ಟು ಗಮನವಿಟ್ಟು ಓದಿದವರು ಬೇರೆ ಯಾರಿದ್ದರು?

ಅಡುಗೆಮನೆಯಲ್ಲಿ ನಮ್ಮ ಫೋನಿಗೆ ಒಂದು ಎಕ್ಸ್‌ಟೆನ್ಷನ್ ಇತ್ತು. ಜೊತೆಗಾರ ನಡುರಾತ್ರಿ ಅದನ್ನೆತ್ತಿದರೆ, ಅತ್ತ ಓದುತ್ತಿದ್ದವರ ಪರದೆಯ ಮೇಲೆ ಅರ್ಥವಿಲ್ಲದ ಆವರಣ ಚಿಹ್ನೆಗಳ ಮಳೆ ಸುರಿಯುತ್ತಿತ್ತು. ಕರೆಂಟು ಹೋದ ಒಂದು ರಾತ್ರಿ ಇನ್ನೂ ಸೊಗಸು: ಒಳಗಿನ ಸೆಲ್ಲುಗಳಿಂದಾಗಿ ಕಂಪ್ಯೂಟರು ಏನೂ ಆಗದವರಂತೆ ನಡೆಯುತ್ತಲೇ ಇತ್ತು, ಗೋಡೆಯ ಕರೆಂಟನ್ನು ನಂಬಿದ್ದ ಮೋಡೆಮ್ ಮಾತ್ರ ಸತ್ತಿತ್ತು. ಮನೆಯೆಲ್ಲ ಕತ್ತಲಲ್ಲಿ, ಕರೆ ಬರಲಾರದ ಬೋರ್ಡೊಂದು ಬೆಳಗಿನವರೆಗೂ ಕಾಯುತ್ತ ಕುಳಿತಿತ್ತು.

ಇಷ್ಟು ಗಟ್ಟಿಯಾದ ಯಂತ್ರವನ್ನು ಕೆಡಿಸಿದ್ದು ನಾನೇ. ಡಿಸೆಂಬರಿನ ರಜೆಗೆ ಗೆಳೆಯರ ಮನೆಗೆ ಹೊರಟಾಗ, ನನ್ನ ಪುಟ್ಟ ರೇಡಿಯೊಗೆ ಸೆಲ್ಲಿಲ್ಲವೆಂದು ಕಂಪ್ಯೂಟರಿನ ನಾಲ್ಕು ಸೆಲ್ಲುಗಳನ್ನು ಬಿಚ್ಚಿಕೊಂಡೆ. ಒಳಗೆ ಮೆಮೊರಿಯನ್ನು ಕಾಯುವ ಇನ್ನೊಂದು ಬ್ಯಾಟರಿ ಇದೆಯಲ್ಲ ಎಂಬ ಧೈರ್ಯ. 32ಕೆ ಮೆಮೊರಿಯನ್ನು ಅದು ಕಾಯುವುದು ಸುಮಾರು ಎಂಟು ದಿನ ಮಾತ್ರ. ನಾನು ಮರಳಿದ್ದು ಹದಿನಾರನೆಯ ದಿನ. ಸೆಲ್ ಹಾಕಿ ಗುಂಡಿ ಒತ್ತಿದರೆ ಪರದೆಯ ಮೇಲೆ ಯಂತ್ರದ ಆ ಐದು ಹೆಸರುಗಳಷ್ಟೇ ಉಳಿದಿದ್ದವು, ಕೆಳಗೆ 29638. ಇದ್ದ ಪ್ರತಿಯೆಂದರೆ ನವೆಂಬರಿನಲ್ಲಿ ಕ್ಯಾಸೆಟ್ಟಿಗೆ ತುಂಬಿಟ್ಟದ್ದು. ಪ್ರೋಗ್ರಾಮು, ಸದಸ್ಯರ ಪಟ್ಟಿ ಅದರಿಂದ ಮರಳಿ ಬಂದವು. ಆಮೇಲಿನ ಒಂದು ತಿಂಗಳ ಓಲೆಗಳು ಬರಲಿಲ್ಲ.

ಅಂದು ರಾತ್ರಿ ಆದದ್ದನ್ನೆಲ್ಲ ಎಂಟು ಸಾಲಿನಲ್ಲಿ ಬರೆದು, ಕ್ಷಮೆ ಕೇಳಿ ಬೋರ್ಡು ತೆರೆದೆ. ಮೊದಲು ಕರೆ ಮಾಡಿದವರು ನಿವೃತ್ತರಾದ ಒಬ್ಬ ಹಿರಿಯರು. ಅವರ ಕಂಪ್ಯೂಟರಿಗೆ ಒಂದು ಪ್ರಿಂಟರು ಜೋಡಿಸಿತ್ತು, ಓದಿದ್ದನ್ನೆಲ್ಲ ಕಾಗದದ ಮೇಲೆ ಇಳಿಸಿಕೊಳ್ಳುವ ಅಭ್ಯಾಸ ಅವರದು. ನನ್ನ ಓಲೆಯನ್ನು ಓದಿ ಅವರು ಒಂದೂ ಮಾತಾಡದೆ, ಆ ಹಾಳೆಗಳನ್ನು ಎದುರಿಗಿಟ್ಟುಕೊಂಡು, ಕಳೆದುಹೋದ ಓಲೆಗಳನ್ನು ಒಂದೊಂದಾಗಿ, ಬರೆದವರ ಹೆಸರಿನ ಸಮೇತ, ಎರಡು ಬೆರಳಿನಲ್ಲಿ ಟೈಪು ಮಾಡತೊಡಗಿದರು. ನಾನು ಇತ್ತ ಪುಟ್ಟ ಪರದೆಯ ಮೇಲೆ ಅಕ್ಷರಗಳು ತಡವರಿಸಿಕೊಂಡು ಬರುವುದನ್ನು ನೋಡುತ್ತ ಕುಳಿತೆ. ತಪ್ಪಾದರೆ ಅಳಿಸಿ ಮತ್ತೆ ಒತ್ತುತ್ತಿದ್ದರು. ಹತ್ತೊಂಬತ್ತನೆಯದು ಮುಗಿದಾಗ ಆರು ಗಂಟೆಯಾಗಿ, ಜೊತೆಗಾರ ಫೋನು ಬೇಕೆಂದು ಬಾಗಿಲಲ್ಲಿ ನಿಂತಿದ್ದ. ಕೊನೆಗೆ ಅವರದೇ ಒಂದು ಸಾಲು ಬಂತು: "ಸೈಕಲ್ ಮಾರುವುದಿದೆ ಎಂಬ ಓಲೆಯನ್ನು ಬಿಟ್ಟಿದ್ದೇನೆ, ಅದು ಮಾರಾಟವಾಯಿತಂತೆ."